ಗ್ರಾಸಿಯಾಸ್

ಉರುಗ್ವೆಯ ಈ ಮೂಲೆಯಲ್ಲಿ ಮಾತೆ ಕುಡಿಯುವುದಕ್ಕೆ
ಎಷ್ಟೇ ಜನರಿರಲಿ, ಒಂದೇ ಬುರುಡೆ, ಒಂದೇ ಕೊಳವೆ.
ಕಹಿ ಎಲೆ, ಕುದಿಬಾರದ ಬಿಸಿನೀರು; ಎರೆಯುವವಳು ನಾನು.
ಹೀರಿದವನು ಬುರುಡೆಯನ್ನು ಸುಮ್ಮನೆ ವಾಪಸು ಕೊಡಬೇಕು.
ಗ್ರಾಸಿಯಾಸ್ ಅಂದನೋ, ಅದು ಉಪಕಾರಸ್ಮರಣೆಯಲ್ಲ:
ಸಾಕು, ಇನ್ನು ನನ್ನನ್ನು ಈ ಸುತ್ತಿನಲ್ಲಿ ಎಣಿಸಬೇಡ.

ಡಾರ್ದೊ ಒಲಿವೆರಾ ಮೇ ತಿಂಗಳಲ್ಲಿ
ಇದೇ ಕುರ್ಚಿಯಲ್ಲಿ, ಮೊದಲ ಸುತ್ತಿಗೇ ಹಾಗಂದ.
ನಾನು ಅವನ ಕಿವಿಯ ಹಿಂದಿನ ಕೂದಲು ನೋಡುತ್ತಿದ್ದೆ.

ಊರಿಗೆ ಆಮೇಲೆ ಒಂದು ಕಾರಣ ಬೇಕಿತ್ತು, ಒಂದೇ ಒಂದು,
ಕಿತ್ತುಹೋದ ಗುಂಡಿಯ ಹಾಗೆ, ಹೊಲಿದು ಮುಗಿಸಲಿಕ್ಕೆ.
ವೈನು, ಅಂದಳು ಬ್ರೆಡ್ಡಿನಂಗಡಿಯವಳು.
ಬಿಟ್ಟುಹೋದ ಹೆಂಡತಿ, ಅಂದ ಟಪಾಲಿನವನು;
ಒಂದು ವಾರ ಎಲ್ಲರೂ ಅವಳನ್ನೇ ಅಂದರು.
ಪಾದ್ರಿ 'ಅಪಘಾತ' ಎಂದು ಬರೆದುಕೊಂಡರು, ಕರುಣೆಯಿಂದಲೇ.
ಆದರೆ ಆ ಪದದ ಕೆಳಗೆ
ಅವನ ತಂಗಿ ಕೂತು ಅಳುವಷ್ಟು ಜಾಗವಿರಲಿಲ್ಲ.

ನಾನೂ ಲೆಕ್ಕ ಹಾಕಲು ಹೋಗಿ ಸೋತೆ.
ರೈಲು ನಿಂತ ವರ್ಷವನ್ನು ಎಲ್ಲಿ ಸೇರಿಸಲಿ?
ಅಕ್ಕಿ ಗಿರಣಿಗೆ ಬಂದ ಯಂತ್ರ, ಅದು ಮನೆಗೆ ಕಳಿಸಿದ ನಲವತ್ತು ಜೊತೆ ಕೈ,
ಐವತ್ತೆಂಟರಲ್ಲಿ ಸೈರನ್ನಿಲ್ಲದೆಯೂ ಐದಕ್ಕೇ ಎಚ್ಚರವಾಗುವುದು,
ಎದ್ದು ಎಲ್ಲಿಗೂ ಹೋಗಬೇಕಿಲ್ಲದಿರುವುದು.
ಹನ್ನೊಂದರ ಹುಡುಗ ತಾಯಿಯ ಪೆಟ್ಟಿಗೆಯ ಪಕ್ಕ ನಿಂತಾಗ
ಭುಜ ತಟ್ಟಿ ದೊಡ್ಡಪ್ಪ ಹೇಳಿದ ಒಂದೇ ಪದ: ಅಗ್ವಾಂತಾ. ತಡಕೋ.
ನಲವತ್ತೇಳು ವರ್ಷ ತಡಕೊಂಡ.
ಇನ್ನು ಇಳಿಸಪ್ಪಾ ಅಂತ ಯಾರೂ ಅನ್ನಲಿಲ್ಲ.
ತಲೆ ಕೆಟ್ಟವನು ಅನ್ನಲು ನಮ್ಮಲ್ಲಿ ಹನ್ನೆರಡು ಪದ,
ನನ್ನಿಂದಾಗುತ್ತಿಲ್ಲ ಅನ್ನಲು, ಗಂಡಸಿಗೆ, ಒಂದೂ ಇಲ್ಲ.
ಮಾತೆ ಕೈಯಿಂದ ಕೈಗೆ ತಿರುಗುತ್ತದೆ.
ಮಾತು ತಿರುಗುವುದಿಲ್ಲ.

ಆಗಸ್ಟಿನ ದಕ್ಷಿಣದ ಗಾಳಿ ಬಾಗಿಲು ಬಡಿಯುತ್ತಿದ್ದ ದಿನ
ಎಬೆರ್ ಸಿಲ್ವೇರಾ, ಅದೇ ಗಿರಣಿಯಲ್ಲಿ ಮೂಟೆ ತೂಗುತ್ತಿದ್ದವನು,
ಬುರುಡೆ ಚಾಚಿದ. ಗ್ರಾಸಿಯಾಸ್, ಒಂದಿನಾ.
ಮೊದಲ ಸುತ್ತು.
ಕೆಟಲು ಇನ್ನೂ ತುಂಬಿತ್ತು.

ಕೇಳಿದರೆ ತಲೆಗೆ ಹೊಕ್ಕೀತು ಅನ್ನುತ್ತಾರೆ,
ಕತ್ತಲಲ್ಲಿ ದೆವ್ವದ ಹೆಸರೆತ್ತಬಾರದ ಹಾಗೆ.
ಡಾರ್ದೊನ ಮುಂದೆ ನಾನು ಹೆಸರೆತ್ತಿರಲಿಲ್ಲವಲ್ಲ,
ದೆವ್ವವೇನು ದಾರಿ ತಪ್ಪಿತೇ?

ಅರ್ಧ ಮುಖಕ್ಕೆ ನೊರೆ. ಕನ್ನಡಿಯಲ್ಲಿ ಅವನು, ಕನ್ನಡಿಯಲ್ಲಿ ನಾನು.
ಕತ್ತಿ ಮಡಚಿ ಜೇಬಿಗಿಟ್ಟು ಕೇಳಿದೆ:
ಎಬೆರ್, ಸಾಯುವ ಯೋಚನೆ ಬರುತ್ತಿದೆಯಾ?

ನನ್ನ ಅಂಗಡಿಯ ಗಡಿಯಾರ ಕೆಟ್ಟಿದೆ; ಎಷ್ಟು ಹೊತ್ತೋ ತಿಳಿಯದು.
ನೊರೆ ಒಣಗಿ ಬಿರಿಯಿತು.
ಆಮೇಲೆ ಅವನು, ಮೋಡದ ಬಗ್ಗೆ ಹೇಳುವ ದನಿಯಲ್ಲಿ:
ರಾತ್ರಿ ಹೊತ್ತು. ಭಾನುವಾರ ಜಾಸ್ತಿ.

ನಾನೇನೂ ಕಲಿತವಳಲ್ಲ. ಅಂಗಡಿಯ ಬಾಗಿಲು ಹಾಕಿದೆ.
ಅವನ ಅಪ್ಪನ ಕಾಲದ ಕಪಾಟಿನ ಬೀಗದ ಕೈ
ನನ್ನ ಹತ್ತಿರ ಇರಲಿ ಅಂದೆ. ಕೊಟ್ಟ,
ಹಲ್ಲು ಕೀಳಿಸಿಕೊಂಡವನ ಮುಖ, ನೋವೋ ನಿರಾಳವೋ.
ಅಂದು ವೈದ್ಯಳು ಬರುವ ದಿನವಲ್ಲ; ನರ್ಸ್ ಮಾಬೆಲ್ ಇದ್ದಳು.
ಚೌಕ ದಾಟಿ ಇಬ್ಬರೂ ನಡೆದೆವು, ಉಳಿದರ್ಧ ಗಡ್ಡ ಹಾಗೇ.
ಚೌಕ ನೋಡಿತು. ನೋಡಲಿ.
ಯಾರೋ ನಕ್ಕರು. ಕೊಂಚ ತಡೆದು, ಅವನೂ.

ಈಗ ಪ್ರತಿ ಮಂಗಳವಾರ ಬರುತ್ತಾನೆ.
ವಾರಕ್ಕೆಷ್ಟು ಕೂದಲು ಬೆಳೆದೀತು? ಕಿವಿಯ ಬಳಿ
ಗಾಳಿಯನ್ನೇ ಕತ್ತರಿಸುತ್ತೇನೆ, ಕಚಕ್ ಕಚಕ್.
ಗುಣವಾಯಿತೇ, ಗೊತ್ತಿಲ್ಲ. ಭಾನುವಾರ ಇನ್ನೂ ಉದ್ದ ಅನ್ನುತ್ತಾನೆ.
ಅನ್ನುತ್ತಾನಲ್ಲ.

ಬುರುಡೆ ತುಂಬಿಸಿ ಕೊಡುತ್ತೇನೆ.
ಕೊನೆಯ ಗುಟುಕು ಗೊರಗೊರ ಸದ್ದು ಮಾಡುವವರೆಗೂ ಹೀರಿ
ವಾಪಸು ಚಾಚುತ್ತಾನೆ.
ಏನೂ ಅನ್ನುವುದಿಲ್ಲ.